ಆರಿಂಚು

ಮೂವತ್ತೆಂಟು ವರ್ಷ ಅಂಗಾತ ಮಲಗಿ ದುಡಿದವಳು ನಾನು.
ನಗಬೇಡಿ. ಯಾರ್ಕ್‌ಟನ್ನಿನ ಶಾಲಾ ಬಸ್ಸುಗಳ ಕೆಳಗೆ,
ಗಾಲಿಹಲಗೆಯ ಮೇಲೆ, ಕಣ್ಣಿಗೆ ತುಕ್ಕು ಉದುರಿಸಿಕೊಳ್ಳುತ್ತ.
ಮಂಡಳಿಗೆ ಲಿಫ್ಟು ಕೊಳ್ಳಲು ದುಡ್ಡಿರಲಿಲ್ಲ;
ಬೆನ್ನು ನಮ್ಮದಿತ್ತು.
ಈಗ ಮಂಡಿ ಕೇಳುತ್ತದೆ: ಮತ್ತೆ ನೆಲಕ್ಕೋ?
ಏಳುವಾಗ ಬಂಪರು ಹಿಡಿದು
ಮುದಿ ನಾಯಿಯಂತೆ ಒಂದೊಂದೇ ಕಾಲು ಹುಡುಕಿಕೊಳ್ಳುತ್ತೇನೆ.

ಚಳಿಗಾಲ ಪೂರ್ತಿ ಊಟದ ಮೇಜಿನ ಮೇಲೆ ಕ್ಯಾಟಲಾಗು.
ನಾಲ್ಕು ಕಂಬದ್ದು ಸಾಧು ಪ್ರಾಣಿ, ಮಂಚದ ಹಾಗೆ;
ಗಾಡಿ ಹತ್ತಿಸಿ ಮಲಗಿಸಬಹುದು,
ಚಕ್ರ ಬಿಚ್ಚುತ್ತೇನೆಂದರೆ ಮಾತ್ರ ಮುನಿಸು.
ಕತ್ತರಿ ಲಿಫ್ಟು ಅಗ್ಗ. ಆದರೆ ಹೊಟ್ಟೆಯಡಿ ತಾನೇ ಕೂತು
ನೋಡಬೇಕಾದ್ದನ್ನೆಲ್ಲ ಮುಚ್ಚಿಕೊಳ್ಳುತ್ತದೆ.
ಎರಡು ಕಂಬದ್ದೇ ಸರಿ. ಅದಕ್ಕೆ ಹನ್ನೆರಡಡಿ ಸೂರು ಬೇಕು,
ನನ್ನದು ಹತ್ತಡಿ ಎರಡಿಂಚು.
ಹಾಗಾಗಿ ಗಿಡ್ಡ ಕಂಬದ್ದು,
ತಂತಿಯನ್ನು ನೆತ್ತಿಯ ಬದಲು ನೆಲದಲ್ಲಿ ದಾಟಿಸುವುದು:
ನಡುವೆ ಹೊಸ್ತಿಲಿನಂತೆ ಒಂದು ತಗಡು, ಎಡವಿಸಲು ಕಾದಿರುತ್ತದೆ.

ಮಾರುವ ಹುಡುಗ ಫೋನಿನಲ್ಲಿ ಅಂದ:
"ನೆಲದ ದಪ್ಪ ಎಷ್ಟೆಂದು ನಿಮ್ಮ ಯಜಮಾನರನ್ನು ಕೇಳಿ ಹೇಳಿ, ಮೇಡಂ."
ಯಜಮಾನರಿಲ್ಲ, ನೆಲ ಇದೆ, ಅಂದೆ.

ನೆಲ ಅಪ್ಪ ಹಾಕಿದ್ದು, ಎಪ್ಪತ್ತನಾಲ್ಕರ ಬೇಸಿಗೆ.
ವಸಿಲ್ ಜ್ಯೂಬಾ. ಗೋಧಿ ತೂಗುವ ಕೆಲಸ.
ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಎದೆ ತಟ್ಟಿ ಹೇಳುತ್ತಿದ್ದ:
"ಆರಿಂಚು! ರೈಲು ತಂದು ನಿಲ್ಲಿಸಿ ಬೇಕಾದರೆ!"
ಅವನನ್ನು ಮಣ್ಣು ಮಾಡಿ ಬಂದ ದಿನವೂ
ಸೂಪು ಬಡಿಸುತ್ತ ಯಾರೋ ಆ ಆರಿಂಚನ್ನು ನೆನೆದರು.

ಕೊರೆದೆ.
ಒಂದು, ಎರಡು, ಎರಡೂವರೆ,
ದಡಕ್ಕನೆ ಮಣ್ಣಿಗಿಳಿಯಿತು ಡ್ರಿಲ್ಲು.
ತಂತಿ ಬಗ್ಗಿಸಿ ಅಡಿಯಂಚಿಗೆ ಸಿಕ್ಕಿಸಿ ಅಳೆದೆ. ಮತ್ತೆ ಅಳೆದೆ.
ಮೂರು. ಎಡಮೂಲೆಯಲ್ಲಿ ಎರಡೂಮುಕ್ಕಾಲು.
ಬಾಗಿಲ ಬಳಿ ಮಾತ್ರ, ನಾಲ್ಕು ಜನ ನೋಡುವ ಕಡೆ,
ಆರು.

"ಸಿಮೆಂಟು ಆ ವರ್ಷ ದುಬಾರಿ," ಅಂದ ಪಕ್ಕದ ಮನೆಯ ಗಾರ್ನೆಟ್,
"ನಿನ್ನ ಹಲ್ಲಿಗೆ ತಂತಿ ಕಟ್ಟಿಸಿದ್ದೂ ಆಗಲೇ ಅಲ್ಲವೇ?"
ಇರಬಹುದು.
ಅವನು ವಿಸ್ಕಿಗೆ ಬಿದ್ದದ್ದೂ ಆಗಲೇ.

ಕಂಬಕ್ಕೊಂದರಂತೆ ಎರಡು ಚೌಕ ಕತ್ತರಿಸಿದೆವು, ನಾಲ್ಕಡಿಗೆ ನಾಲ್ಕಡಿ.
ಕಬ್ಬಿಣದ ಸರಳಿರಬೇಕಾದಲ್ಲಿ
ಒಂದು ಮಂಚದ ಸ್ಪ್ರಿಂಗು.
ನನ್ನದೇ. ಅಮ್ಮ ಅದನ್ನು ಎಷ್ಟು ಹುಡುಕಿದ್ದಳು!
ಗಾರ್ನೆಟ್ ನಕ್ಕ. ನಾನೂ ನಕ್ಕೆ,
ಆಮೇಲೆ ಅವನು ಮನೆಗೆ ಹೋದ ಮೇಲೆ ನಗಲಿಲ್ಲ.

ಹೊಸ ಕಾಂಕ್ರೀಟು, ಒಂದಡಿ ಆಳ.
ಇಪ್ಪತ್ತೆಂಟು ದಿನ ಬಾಣಂತಿಯ ಹಾಗೆ ನೋಡಿಕೊಂಡೆ,
ಗೋಣಿ ಹೊದಿಸಿ, ನೀರು ಕುಡಿಸಿ, ಬೆಕ್ಕನ್ನು ಹತ್ತಿರ ಬಿಡದೆ.
ಕಂಬ ನಿಲ್ಲಿಸಿ ತೂಗುಗುಂಡು ಇಳಿಬಿಟ್ಟು
ಕೂದಲೆಳೆ ವಾಲಿದಲ್ಲಿ ತೆಳುತಗಡು ತುರುಕಿದೆ.
ಬೋಲ್ಟುಗಳು ಹತ್ತು. ವ್ರೆಂಚು ಟಕ್ ಅನ್ನುವವರೆಗೆ ಒಂದೊಂದೂ.
ಒಂಬತ್ತನೆಯದರ ಮೇಲೆ ಯಾಕೋ ನಂಬಿಕೆ ಬರದೆ
ರಾತ್ರಿ ಎದ್ದು ಬಂದು ಮತ್ತೊಮ್ಮೆ.

ಮೊದಲು ಏರಿದ್ದು ಅಪ್ಪನ ಅರವತ್ತೇಳರ ಮರ್ಕ್ಯುರಿ ಪಿಕಪ್.
ಗೇಣೆತ್ತರಕ್ಕೆ ನಿಲ್ಲಿಸಿ ಅಲುಗಾಡಿಸಿದೆ. ಕದಲಲಿಲ್ಲ.
ಬೀಗದ ಹಲ್ಲುಗಳು ಕಟಕಟ ಎಣಿಸುತ್ತ ಹೋದವು
ಮೊಣಕಾಲು, ಸೊಂಟ, ಎದೆ, ನೆತ್ತಿ.
ಅದರಡಿಗೆ ನಡೆದೇ ಹೋದೆ.

ಬಲಗಡೆಯ ಚಾಸಿಸ್ಸಿನ ಒಳಮೈಯಲ್ಲಿ ಒಂದು ಹಳೆಯ ಬೆಸುಗೆ.
ಮಲಗಿ ನೋಡಿದಾಗ ಎಂದೂ ಕಂಡಿರಲಿಲ್ಲ.
ಬೇಕಾದ್ದಕ್ಕಿಂತ ಎರಡು ಪಟ್ಟು ಲೋಹ ಸುರಿದಿದ್ದಾನೆ,
ಯಾರೂ ನೋಡದ ಜಾಗದಲ್ಲಿ,
ಒರಟು, ಇರುವೆ ಹುತ್ತದ ಹಾಗೆ. ಹಿಡಿದಿದೆ.
ಬೆರಳಿಟ್ಟೆ. ಕನ್ನಡಕದ ಮೇಲೆ ಎಣ್ಣೆಯ ತೊಟ್ಟೊಂದು ಬಿತ್ತು.

"ಸೋರುತ್ತಿದೆಯಾ?" ಬಾಗಿಲಿಂದ ಗಾರ್ನೆಟ್.
"ಗೇರ್‌ಬಾಕ್ಸು. ಹಿಂದಿನ ಸೀಲು," ಅಂದೆ.
ನಿಂತೇ ಅಂದೆ.